ಹನ್ನೆರಡರ ನೀರು

ಮಾರ್ಚ್ ಮುಗಿಯುವ ಹೊತ್ತಿಗೆ ಹವಾಮಾನ ಇಲಾಖೆಯಿಂದ ಬೇಸಿಗೆಯ ಮುನ್ನೋಟ ಅಂತ ಒಂದು ಬರುತ್ತದೆ. ಅದರಲ್ಲಿ ಕರಾವಳಿಗೆ ನಾಲ್ಕು ಸಾಲು: ಬೆಳಗಿನ ಹೊತ್ತು ಮಂಜು ಮುಸುಕಿರುತ್ತದೆ, ಮಧ್ಯಾಹ್ನ ಸೆಖೆ, ಸಂಜೆ ಕಡಲ ಗಾಳಿ, ದೋಣಿಯವರು ಮಂಜು ಕರಗಿದ ಮೇಲೆ ಹೊರಡುವುದು ಒಳ್ಳೆಯದು. ಉತ್ತರ ಒಳನಾಡಿಗೆ ಒಂದೇ ಸಾಲು: ವಾಡಿಕೆಗಿಂತ ಹೆಚ್ಚು ಬಿಸಿಲು, ಬಿಸಿಗಾಳಿ. ಮುಗಿಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಹೆಸರು ಹಿಡಿದು ಹೇಳುವ ತ್ರಾಸನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಇಲ್ಲಿಯವರಿಗೆ ಬಿಸಿಲೇನು ಹೊಸದೇ, ಸುಟ್ಟರೆ ಸುಡಲಿ ಬಿಡು ಎನ್ನುವ ಧಾಟಿ.

ಆ ವರ್ಷ ಆ ಒಂದು ಸಾಲು ಬಸ್ಸಪ್ಪನ ಕುತ್ತಿಗೆಗೇ ಬಂತು.

ಊರಿನ ಹೆಸರು ಬೇಡ, ಹೇಳಿದರೆ ನಾಳೆಯೇ ಜಗಳಕ್ಕೆ ಬರುತ್ತಾರೆ. ಸಂತೆಕಲ್ಲೂರಿನಿಂದ ಶೇರ್ ಆಟೋದಲ್ಲಿ ಕೂತರೆ ಅರ್ಧ ತಾಸಿನ ದಾರಿ, ಜೋಳ ತೊಗರಿ ಹತ್ತಿಯ ಒಣಭೂಮಿ, ಐನೂರು ಮನೆ. ಮೇಲೆ ಊರು, ಹಳ್ಳದ ದಂಡೆಗೆ ಕೆಳಗಿನ ಕೇರಿ. ಬಸ್ಸಪ್ಪ ಕೇರಿಯವನು, ವಯಸ್ಸು ಐವತ್ತನಾಲ್ಕು, ಪಂಚಾಯಿತಿಯ ವಾಟರ್‌ಮನ್. ಸೊಂಟದೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿ ವಾಲ್ ತಿರುವುವುದು, ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ.

ಅವನ ಅಪ್ಪ ಮುದುಕಪ್ಪನ ಕೆಲಸ ಬೇರೆ ಇತ್ತು. ಹಲಗೆ ಬಾರಿಸುವುದು. ಹೆಣಕ್ಕೆ, ಹಬ್ಬಕ್ಕೆ, ಕಳೆದ ಎಮ್ಮೆಗೆ, ಬರುವ ಸಾಹೇಬನಿಗೆ, ಎಲ್ಲದಕ್ಕೂ ಹಲಗೆ. ಊರಲ್ಲಿ ಏನೇ ಸಾರಬೇಕಾದರೂ ಮುದುಕಪ್ಪ ಚಪ್ಪಲಿಯನ್ನು ಊರ ಹೆಬ್ಬಾಗಿಲಾದ ಅಗಸಿಯ ಹೊರಗೆ ಬಿಟ್ಟು, ಮೇ ತಿಂಗಳ ಕಾದ ಬಂಡೆಗಲ್ಲಿನ ಓಣಿಯಲ್ಲಿ ಬರಿಗಾಲಲ್ಲಿ ತಿರುಗಿ ಬಾರಿಸಿಕೊಂಡು ಬರಬೇಕು. ಸಂಜೆ ಬಂದು ಕೂತರೆ ಪಾದದ ತುಂಬ ಬೊಬ್ಬೆ. ಅವ್ವ ಔಡಲೆಣ್ಣೆ ಹಚ್ಚುತ್ತಿದ್ದಳು. ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಅವನು ಆಡದ ಮಾತುಗಳೆಲ್ಲ ಮಗನ ಹೊಟ್ಟೆಯಲ್ಲಿ ಸಿಟ್ಟಾಗಿ ಕೂತವು.

ಅಪ್ಪ ಸತ್ತ ಮೇಲೆ ಹಲಗೆ ಮಗನ ಕೊರಳಿಗೆ ಬಂತು. ಬೇಡವೆಂದರೂ ಬಿಡಲಿಲ್ಲ, ಬಾರಿಸಿದ. ಹನ್ನೆರಡು ವರ್ಷದ ಹಿಂದೆ ಸಿಂಧನೂರಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡವರ ಸಾಲಿನಲ್ಲಿ ಬಸ್ಸಪ್ಪನೂ ಅವನ ಹೆಂಡತಿ ಪಾರ್ವತೆಮ್ಮನೂ ಇದ್ದರು. ಅವತ್ತು ಮನೆಗೆ ಬಂದವನೇ ಹಲಗೆಯ ಚರ್ಮ ಹರಿದು ಹಳ್ಳಕ್ಕೆ ಎಸೆದ. ಕಟ್ಟಿಗೆಯ ಬಳೆಯನ್ನು ಪಾರ್ವತೆಮ್ಮ ಒಲೆಗೆ ಇಟ್ಟಳು, ಅದರ ಉರಿಯಲ್ಲಿ ನಾಲ್ಕು ರೊಟ್ಟಿ ಸುಟ್ಟಳು. ಇನ್ನು ಸಾಯುವ ತನಕ ಹಲಗೆ ಮುಟ್ಟುವುದಿಲ್ಲ ಎಂದು ಬಸ್ಸಪ್ಪ ಹೇಳಿದ. ಊರು ನಕ್ಕಿತು. ಮರುವರ್ಷ ವಾಟರ್‌ಮನ್ ಕೆಲಸ ಸಿಕ್ಕಿತು, ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಸಹಿ ಬಿದ್ದರೆ ಮುಂದುವರಿಯುವ ಗುತ್ತಿಗೆಯ ಕೆಲಸ. ಅಪ್ಪನನ್ನು ಹೊಸ್ತಿಲ ಹತ್ತಿರ ಬಿಡದಿದ್ದ ಮನೆಗಳ ಹೆಂಗಸರು ಈಗ ಬಾಗಿಲಿಗೆ ಬಂದು "ಬಸ್ಸಪ್ಪಣ್ಣ, ಇನ್ನ ಅರ್ಧ ತಾಸು ಬಿಡೋ" ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಒಮ್ಮೊಮ್ಮೆ ಬೇಕೆಂದೇ ಕೇಳದವನಂತೆ ಮುಂದೆ ಹೋಗುತ್ತಿದ್ದ, ಎರಡನೇ ಸಲ ಕರೆಯಲಿ ಎಂದು.

ಆ ಏಪ್ರಿಲ್‌ನ ಮೊದಲ ವಾರ ಪಂಚಾಯಿತಿಯಿಂದ ಕರೆ ಬಂತು. ಪಿಡಿಓ ಹೊಸಬರು, ಶಾಲಿನಿ ಮೇಡಂ, ಕುಂದಾಪುರದ ಕಡೆಯವರು. ಬಂದು ಎರಡು ತಿಂಗಳಾಗಿತ್ತು. ಬಂದಾಗಿನಿಂದ ಒದ್ದೆ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡೇ ಕಡತ ನೋಡುತ್ತಿದ್ದರು. ಅವರ ಎದುರಿಗೆ ಗ್ಯಾನಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗ್ಯಾನಪ್ಪನ ಹೆಂಡತಿ ಪಂಚಾಯಿತಿ ಅಧ್ಯಕ್ಷೆ. ಸಹಿ ಅವಳದು, ಮಾತು ಇವನದು, ಕುರ್ಚಿಯಲ್ಲಿ ಕೂರುವವನೂ ಇವನೇ.

ಮೇಡಂ ಕಾಗದ ತೋರಿಸಿದರು. "ನೋಡಿ ಬಸ್ಸಪ್ಪ, ಮೇಲಿಂದ ಆದೇಶ ಬಂದಿದೆ. ಈ ಸಲ ಬಿಸಿಗಾಳಿ ಜೋರಂತೆ. ಹನ್ನೆರಡರಿಂದ ಮೂರರ ತನಕ ಯಾರೂ ಹೊಲಕ್ಕೆ ಹೋಗ್ಬಾರ್ದು ಅಂತ ಡಂಗುರ ಸಾರ್ಬೇಕು. ಫೋಟೋ ತೆಗ್ದು ಕಳಿಸ್ಲಿಕ್ಕುಂಟು. ನೀವು ಬಾರಿಸ್ತೀರಂತಲ್ಲ?"

"ಯಾರಂದ್ರು ರೀ?"

"ಇವ್ರು."

ಗ್ಯಾನಪ್ಪ ಹಲ್ಲು ಕಿರಿದ. ಮೇಜಿನ ಕೆಳಗಿಂದ ಒಂದು ಹೊಸ ಹಲಗೆ ತೆಗೆದು ಮೇಲಿಟ್ಟ. ಮಸ್ಕಿ ಪೇಟೆಯಿಂದ ಕೊಂಡು ತಂದದ್ದು, ಚರ್ಮದ ಬದಲು ಬಿಳಿ ಫೈಬರ್. ಇಂಥದೊಂದು ಕೆಲಸಕ್ಕೆ ಅವನು ಹನ್ನೆರಡು ವರ್ಷ ಕಾದಿದ್ದ ಅನ್ನಿಸುತ್ತದೆ.

"ಇವರ ಮನಿತನದ ಕೆಲಸ ರೀ ಮೇಡಂ. ರಿವಾಜು. ಇವರಪ್ಪ ಬಾರಿಸಿದ್ರ ಮೂರು ಹರದಾರಿ ಕೇಳಿಸ್ತಿತ್ತು."

"ನಾ ಬಾರಿಸಂಗಿಲ್ಲ ರೀ," ಎಂದ ಬಸ್ಸಪ್ಪ. "ಬುಡ್ಡೇಸಾಬನ ಆಟೋದಾಗ ಮೈಕ್ ಐತಿ. ಆಟೋದಾಗ ಕೂತು ಹೇಳ್ತೀನಿ. ದಿನಕ್ಕ ಎರಡು ಸಲ ಬೇಕಾದ್ರ ಹೇಳ್ತೀನಿ. ಹಲಗಿ ಮಾತ್ರ ಮುಟ್ಟಂಗಿಲ್ಲ."

"ಆಟೋಕ್ಕ ಯಾರ ಕೊಡ್ತಾರೋ? ಹಲಗಿ ಪುಕ್ಕಟ," ಎಂದ ಗ್ಯಾನಪ್ಪ.

ಮೇಡಂಗೆ ಇದರ ತಲೆಬುಡ ಗೊತ್ತಾಗಲಿಲ್ಲ. ಅವರೂರಲ್ಲಿ ದೋಣಿಯವರಿಗೆ ಏನಾದರೂ ತಿಳಿಸಬೇಕಾದರೆ ಮೈಕಿನಲ್ಲಿ ಕೂಗುತ್ತಾರೆ, ಯಾರು ಕೂಗಿದರೆ ಏನು. "ಒಂದು ಐದು ನಿಮಿಷ ಬಾರಿಸಿದ್ರೆ ಎಂತ ಆಗ್ತದೆ ಮಾರಾಯ್ರೆ? ಜನರ ಜೀವದ ವಿಷಯ ಅಲ್ವಾ?" ಎಂದರು.

ಬಸ್ಸಪ್ಪ ಚಾವಿ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ. ಉತ್ತರ ಕೊಡಬೇಕಾದರೆ ಅಪ್ಪನ ಪಾದದಿಂದ ಶುರುಮಾಡಬೇಕಿತ್ತು, ಅದಕ್ಕೆ ಆ ಕೋಣೆಯಲ್ಲಿ ಜಾಗ ಇರಲಿಲ್ಲ. ಹೊರಟವನ ಬೆನ್ನಿಗೆ ಗ್ಯಾನಪ್ಪ ಹೇಳಿದ: "ಈ ತಿಂಗಳ ಸಹಿ ಐತಿ ನೋಡಪಾ. ಚಾವಿ ಬೇಕೋ ಬ್ಯಾಡೋ ವಿಚಾರ ಮಾಡು."

ಚಾವಿ ಬೇಕಿತ್ತು. ಅದು ಹೋದರೆ ಮತ್ತೆ ಅವನು ಹಲಗೆಯ ಮುದುಕಪ್ಪನ ಮಗ ಅಷ್ಟೇ.

ಡಂಗುರವೂ ಆಗಲಿಲ್ಲ, ಮೈಕೂ ಆಗಲಿಲ್ಲ. ಬಿಸಿಲು ಮಾತ್ರ ಯಾವ ಆದೇಶಕ್ಕೂ ಕಾಯದೆ ಏರಿತು. ನಲವತ್ತೆರಡು, ನಲವತ್ಮೂರು. ಊರವರು ಎಂದಿನಂತೆ ಹತ್ತಿಕಟ್ಟಿಗೆ ಕೀಳಲು, ಹೊಲ ಹಸನು ಮಾಡಲು ಹೋಗುತ್ತಿದ್ದರು. ಮೊಬೈಲಿನಲ್ಲಿ ಬಂದ ಬಿಸಿಗಾಳಿಯ ಎಚ್ಚರಿಕೆಯನ್ನು ಒರೆಸಿ ಹಾಕಿ ಹೋಗುತ್ತಿದ್ದರು. ಪಕ್ಕದೂರಿನಲ್ಲಿ ಹೊಲದಲ್ಲೇ ಒಬ್ಬ ಹೆಂಗಸು ಕುಸಿದು ಸತ್ತ ಸುದ್ದಿ ಬಂತು. ಬಸ್ಸಪ್ಪನ ಮಗಳು ನಂದಿನಿ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಫೋನ್ ಮಾಡಿದಾಗಲೆಲ್ಲ ಅದೇ ಮಾತು: ಇವತ್ತು ಇಬ್ಬರು ಬಂದರು, ನಿನ್ನೆ ಮೂವರು, ಒಬ್ಬ ಉಳಿಯಲಿಲ್ಲ.

ಬಸ್ಸಪ್ಪನಿಗೆ ಊರ ಮೇಲೆ ಮಮತೆ ಉಕ್ಕಿತೆಂದು ತಿಳಿಯಬೇಡಿ. ಅವನಿಗೆ ಹೊಳೆದದ್ದು ಬೇರೆ. ಈ ಮಂದಿ ಹಲಗೆಗೂ ಬಗ್ಗುವುದಿಲ್ಲ, ಸರ್ಕಾರಕ್ಕೂ ಬಗ್ಗುವುದಿಲ್ಲ, ಬಗ್ಗುವುದು ನಳದ ನೀರಿಗೆ ಮಾತ್ರ. ನೀರು ಬರುವ ಹೊತ್ತಿಗೆ ಹೆರಿಗೆಯ ನೋವಿದ್ದರೂ ಮನೆಯಲ್ಲಿರುತ್ತಾರೆ. ಹಾಗಾದರೆ ನೀರನ್ನೇ ಹನ್ನೆರಡಕ್ಕೆ ಬಿಟ್ಟರೆ?

ಟಾಕಿಯ ನೀರು ಒಂದು ಸಲಕ್ಕೆ ಒಂದು ಕಡೆಗೇ ಸಾಲುತ್ತಿತ್ತು. ಅಲ್ಲಿಯವರೆಗೆ ಬೆಳಿಗ್ಗೆ ಊರಿಗೆ, ಮಧ್ಯಾಹ್ನದ ಮೇಲೆ ಕೇರಿಗೆ. ಏಪ್ರಿಲ್ ಹದಿನಾಲ್ಕರ ಜಯಂತಿ ಮುಗಿದ ಮರುದಿನ ಬಸ್ಸಪ್ಪ ತಿರುಗಿಸಿಟ್ಟ. ಬೆಳಿಗ್ಗೆ ಆರಕ್ಕೆ ಕೇರಿಗೆ, ಹನ್ನೆರಡರಿಂದ ಮೂರಕ್ಕೆ ಊರಿಗೆ. ಊರಿನ ಮನೆಗಳಿಗೆ ಹಿತ್ತಲಿನಲ್ಲಿ, ಪಡಸಾಲೆಯಲ್ಲಿ ನಳ ಇದ್ದವು, ನೆರಳಲ್ಲೇ ಹಿಡಿದುಕೊಳ್ಳಬಹುದು. ಕೇರಿಗೆ ಮನೆ ನಳ ಇನ್ನೂ ಬಂದಿರಲಿಲ್ಲ, ಬಟಾಬಯಲಿನಲ್ಲಿ ನಾಲ್ಕು ನಳ ಕೂರಿಸಿದ ಸಿಮೆಂಟಿನ ತೊಟ್ಟಿ ಒಂದೇ ಇತ್ತು. ಅದನ್ನು ಎಲ್ಲರೂ ಗುಮ್ಮಿ ಎನ್ನುತ್ತಾರೆ. ಅದರ ಮುಂದೆ ನಡುಹಗಲು ಸಾಲು ನಿಂತರೆ ತಲೆ ಸಿಡಿಯುತ್ತದೆ.

ಯಾಕೆ ಹೀಗೆ ಮಾಡಿದೆ ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳಬಹುದಿತ್ತು. ಬಾಯಿ ಬಿಟ್ಟು ಹೇಳಿದರೆ ಅದೂ ಒಂದು ಡಂಗುರವೇ ಆದೀತು ಎಂದು ಹಟ. ಅಲ್ಲಿಗೆ ಅವನು ತಪ್ಪಿದ, ಅದನ್ನೂ ಹೇಳಿಬಿಡಬೇಕು.

ಊರು ಉರಿದುಬಿದ್ದಿತು. ಹನ್ನೊಂದೂವರೆಗೆ ಕೆಲಸ ಬಿಟ್ಟು ಹೊಲದಿಂದ ಓಡಿ ಬರಬೇಕು, ಮೂರರ ತನಕ ನಳದ ಬಾಯಿ ಕಾಯಬೇಕು. "ನಿನ್ನ ಕೈಯಾಗ ಹುಳ ಬೀಳ್ಲಿ" ಎಂದಳು ಒಬ್ಬಳು. "ನಿನ್ನ ಮನಿ ಹಾಳಾಗ್ಲಿ, ಎರಡು ದಿನ ನೀರಿಲ್ಲದ ಸಾಯಿ ನೀ" ಎಂದಳು ಇನ್ನೊಬ್ಬಳು. ಗಂಡಸರು ಓಣಿಯಲ್ಲಿ ಅವನು ಬಂದರೆ ಕ್ಯಾಕರಿಸಿ ಉಗುಳಿದರು. ಬಸ್ಸಪ್ಪ ಚಾವಿ ತಿರುವಿ ಮುಂದಿನ ಓಣಿಗೆ ಹೋದ. ಅವನ ಮುಖದಲ್ಲಿ ನಗು ಇರಲಿಲ್ಲ, ಒಳಗಿತ್ತು.

ಹದಿನೈದು ದಿನವಾದ ಮೇಲೆ ನಂದಿನಿ ಫೋನಿನಲ್ಲಿ ಹೇಳಿದಳು. "ಅಪ್ಪಾ, ಸುತ್ತಲ ಊರಿಂದ ದಿನಾ ಬರಾಕತ್ತಾರ. ನಮ್ಮೂರಿಂದ ಒಬ್ಬರೂ ಬಂದಿಲ್ಲ ನೋಡು. ಏನು ಮಾಡೀರಿ ಅಲ್ಲಿ?"

"ಬೈಸಿಕೊಳ್ಳಾಕತ್ತೀನಿ," ಎಂದ ಬಸ್ಸಪ್ಪ.

ಮೇ ಮೊದಲ ವಾರ ಗ್ಯಾನಪ್ಪ ನೂರು ಜನರ ಸಹಿ ಹಾಕಿಸಿ ಅರ್ಜಿ ಕೊಟ್ಟ. ಕೇರಿಗೆ ತಂಪು ಹೊತ್ತಿನ ನೀರು, ಊರಿಗೆ ನಡುಹಗಲಿನ ನೀರು, ಇದು ಯಾವ ನ್ಯಾಯ? ಉಲ್ಟಾ ಮಾಡಿಸಿ. ಮೇಡಂ ಬಸ್ಸಪ್ಪನನ್ನು ಕರೆಸಿದರು. ಈಗ ಅವನಿಗೆ ಕಾರಣ ಹೇಳದೆ ಗತಿ ಇರಲಿಲ್ಲ. ಹೇಳಿದ. ಬಿಸಿಲಿಗೆ ಮಂದಿ ಮನೆಯಲ್ಲಿರಲಿ ಎಂದು ಮಾಡಿದ್ದು, ಲಿಂಗಸುಗೂರಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ, ಈ ಊರಿಂದ ಎಷ್ಟು ಜನ ಬಂದಿದ್ದಾರೆ ಎಂದು. ಕೇರಿಯ ಗುಮ್ಮಿಗೆ ನೆರಳಿಲ್ಲ, ಅಲ್ಲಿ ಹನ್ನೆರಡಕ್ಕೆ ಸಾಲು ನಿಲ್ಲಿಸಿದರೆ ಹೆಣ ಬೀಳುತ್ತವೆ ಎಂದೂ ಹೇಳಿದ.

ಗ್ಯಾನಪ್ಪ ಬಿದ್ದು ಬಿದ್ದು ನಕ್ಕ. "ನೋಡ್ರಿ ಮೇಡಂ, ನಮ್ಮ ಮ್ಯಾಲಿನ ಪ್ರೀತಿಗೆ ನಮಗ ನೀರು ಕೊಡವಲ್ಲ ಇವ. ಅಷ್ಟು ಕಾಳಜಿ ಇದ್ರ ಅವತ್ತ ಹಲಗಿ ಬಾರಿಸಬೇಕಿತ್ತಲ್ಲ." ಆಮೇಲೆ ದನಿ ತಗ್ಗಿಸಿದ. "ಬಸ್ಸಪ್ಪಾ, ನಾ ಕೆಟ್ಟವ ಅಲ್ಲ. ಒಂದ ಸಲ. ಅಗಸಿ ಮುಂದ ನಿಂತು ಒಂದ ಸಲ ಬಾರಿಸು. ಮೇಡಂ ಫೋಟೋ ತೆಗೀತಾರ, ಏಪ್ರಿಲ್‌ದಾಗ ನಿಂತ ಸಹಿ ಹಾಕಿಸ್ತೀನಿ. ಆಮ್ಯಾಲ ನೀರು ನಿನ್ನ ಮರ್ಜಿ."

"ಇಲ್ಲಂದ್ರ?"

"ಇಲ್ಲಂದ್ರ ನಾಳಿಂದ ನಮಗ ಬೆಳಿಗ್ಗೆ, ನಿಮಗ ಹನ್ನೆರಡಕ್ಕ. ಈ ತಿಂಗಳ ಮುಗಿದ ಮ್ಯಾಲ ಚಾವಿ ನಮ್ಮ ದುರುಗಪ್ಪನ ಕೈಗೆ." ದುರುಗಪ್ಪ ಅವನ ಅಣ್ಣನ ಮಗ. ಬಾಗಿಲಲ್ಲೇ ನಿಂತಿದ್ದ.

ಮೇಡಂ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಸಮಯ ಬದಲಿಸುವ ಆದೇಶಕ್ಕೆ ಸಹಿ ಹಾಕಿದರು.

ಮನೆಯಲ್ಲಿ ಕಾಗದ ತೋರಿಸಿದಾಗ ಪಾರ್ವತೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಒಂದ ಸಲ ಅಂದಾರಲ್ಲ. ನಿಮ್ಮಪ್ಪಗೂ ಮೊದಲು ಒಂದ ಸಲ ಅಂತನ ಅಂದಿರತಾರ," ಎಂದಳು. ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ, "ನೀ ಹಲಗಿ ಹಿಡಕೊಂಡು ಬಂದ್ರ ಈ ಮನ್ಯಾಗ ನಿನಗ ರೊಟ್ಟಿಲ್ಲ. ಚಾವಿ ಹೋದ್ರ ಹೋಗ್ಲಿ, ಕೂಲಿ ಮಾಡಿ ಹಾಕ್ತೀನಿ," ಎಂದಳು.

ಬಸ್ಸಪ್ಪ ರಾತ್ರಿಯಿಡೀ ಹೊರಳಾಡಲಿಲ್ಲ, ಸೊಗಸಾಗಿ ನಿದ್ದೆ ಮಾಡಿದ. ಬೆಳಿಗ್ಗೆ ಆರಕ್ಕೆ ಎದ್ದು ಹೋಗಿ ಕೇರಿಯ ವಾಲ್ ತಿರುವಿದ. ಆದೇಶದ ಕಾಗದ ಜೇಬಿನಲ್ಲೇ ಇತ್ತು. ಗುಮ್ಮಿ ತುಂಬಿತು, ಹೆಂಗಸರು ಕೊಡ ತುಂಬಿಕೊಂಡು ಹೋದರು. ಹನ್ನೆರಡಕ್ಕೆ ಊರಿಗೆ ಬಿಡುತ್ತೇನೆ, ಎಂದಿನ ಹಾಗೆ, ಆಮೇಲೆ ಏನು ಬೇಕಾದರೂ ಆಗಲಿ ಎಂದುಕೊಂಡ.

ಊರಿನ ನಳಗಳು ಬೆಳಿಗ್ಗೆ ಒಣಗಿಯೇ ಇದ್ದವು. ಆದೇಶವಾಗಿದೆ, ಬೆಳಿಗ್ಗೆ ನೀರು ಬರುತ್ತದೆ ಎಂದು ಗ್ಯಾನಪ್ಪ ಹಿಂದಿನ ದಿನವೇ ಮನೆ ಮನೆಗೆ ಹೇಳಿಸಿದ್ದ. ಅದನ್ನು ನಂಬಿ ಹೆಂಗಸರು ಇದ್ದಬದ್ದ ನೀರಲ್ಲಿ ಅರಿವೆ ಒಗೆದು ಕೊಡ ಬರಿದು ಮಾಡಿಕೊಂಡು ಕೂತಿದ್ದರು. ಗ್ಯಾನಪ್ಪ ತನ್ನ ಹೊಲದಲ್ಲಿ ಟ್ರ್ಯಾಕ್ಟರ್ ಹಿಂದೆ ನಿಂತಿದ್ದ. ಹನ್ನೊಂದು ದಾಟಿದ ಮೇಲೆ ಸುದ್ದಿ ಮುಟ್ಟಿತು. ಅವನಿಗೆ ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಇತ್ತು, ಬೆಳಗಿನಿಂದ ಒಂದು ಕಪ್ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹೊಲದಿಂದ ನೇರ ಊರಿಗೆ ನಡೆದು, ಇಪ್ಪತ್ತು ಮಂದಿಯನ್ನು ಕೂಡಿಸಿಕೊಂಡು ಕೇರಿಗೆ ಇಳಿದ. ಆಗ ಹನ್ನೆರಡಕ್ಕೆ ಐದು ನಿಮಿಷ ಇತ್ತು. ಬಸ್ಸಪ್ಪ ಚಾವಿ ಹೆಗಲಿಗೇರಿಸಿ ಊರಿನ ವಾಲ್ ತಿರುವಲು ಹೊರಟಿದ್ದ. ಗುಮ್ಮಿಯ ಹತ್ತಿರ ಅಡ್ಡಗಟ್ಟಿದರು.

"ಬಿಡ್ರಿ, ನೀರು ಬಿಡಾಕ ಹೊಂಟೀನಿ," ಎಂದ ಬಸ್ಸಪ್ಪ.

"ಯಾರ ಹುಕುಂ ಮ್ಯಾಲ ಬೆಳಿಗ್ಗೆ ನಿಮ್ಮ ಕೇರಿಗೆ ಬಿಟ್ಟಿ?"

"ಅದನ್ನ ಆಮ್ಯಾಲ ಕೇಳ್ರಿ. ಟೈಮ್ ಆತು, ನಿಮ್ಮ ನಳಕ್ಕ ನೀರು ಬಿಡ್ತೀನಿ, ದಾರಿ ಬಿಡ್ರಿ."

ದಾರಿ ಬಿಡಲಿಲ್ಲ. ದುರುಗಪ್ಪ ಚಾವಿಗೆ ಕೈಹಾಕಿದ. ಬಸ್ಸಪ್ಪ ಬಿಡಲಿಲ್ಲ. ಜಗ್ಗಾಟ, ಬೈಗುಳ, ಅವ್ವ ಅಕ್ಕ ಎಲ್ಲ ಬಂದವು. ಕೇರಿಯ ಮಂದಿಯೂ ಹೊರಗೆ ಬಂದರು. ಅರ್ಧ ತಾಸು ಇದೇ ನಡೆಯಿತು, ನಲವತ್ನಾಲ್ಕರ ಬಿಸಿಲಿನಲ್ಲಿ, ನೆತ್ತಿಯ ಮೇಲೆ ಒಂದು ಎಲೆಯೂ ಇಲ್ಲದ ಬಯಲಿನಲ್ಲಿ. ಎಲ್ಲರಿಗಿಂತ ಜೋರು ಗ್ಯಾನಪ್ಪನದು. ಬಯ್ಯುತ್ತ ಬಯ್ಯುತ್ತ ಅವನು ದುರುಗಪ್ಪನ ಕಡೆಗೆ ತಿರುಗಿ, ಸತ್ತು ಇಪ್ಪತ್ತು ವರ್ಷವಾದ ತನ್ನ ಅಣ್ಣನ ಹೆಸರು ಹಿಡಿದು ಬಯ್ದ. ಎತ್ತು ಬಿಚ್ಚು ಎಂದ. ಅಲ್ಲಿ ಎತ್ತು ಇರಲಿಲ್ಲ. ಸಿಟ್ಟು ನೆತ್ತಿಗೇರಿದೆ ಎಂದುಕೊಂಡರು ಅವನ ಕಡೆಯವರು, ಯಾರೋ ಹುರಿದುಂಬಿಸಿದರು ಕೂಡ.

ಬಸ್ಸಪ್ಪ ಅವನ ಹಣೆ ನೋಡಿದ. ಇಪ್ಪತ್ತು ಮಂದಿಯೂ ಬೆವರಿನಲ್ಲಿ ತೊಯ್ದಿದ್ದರು, ಗ್ಯಾನಪ್ಪನ ಹಣೆ ಮಾತ್ರ ಒಣಗಿ ಕೆಂಪಾಗಿತ್ತು. ನಂದಿನಿ ಹೇಳಿದ್ದು ನೆನಪಾಯಿತು: ಬೆವರು ನಿಂತರೆ ಮುಗೀತು ಅಪ್ಪಾ.

"ಅವರಿಗೆ ಬಿಸಿಲು ಬಡದೈತಿ. ನೆರಳಿಗೆ ಕರಕೊಂಡು ಹೋಗ್ರಿ," ಎಂದ.

"ನಿನ್ನ ಬುದ್ಧಿ ನಿನ್ನ ಹಂತ್ಯಾಕ ಇಟ್ಟಕೋ," ಎಂದ ದುರುಗಪ್ಪ. ಅವನು ಬಾಯಿ ಮುಚ್ಚುವುದರೊಳಗೆ ಗ್ಯಾನಪ್ಪ ಗುಮ್ಮಿಯ ಬುಡದಲ್ಲಿ ಕುಸಿದ.

ಬಸ್ಸಪ್ಪನಿಗೆ ಒಂದು ಗಳಿಗೆ ಹಾಯೆನಿಸಿತು. ಸುಳ್ಳೇಕೆ ಹೇಳಬೇಕು. ಬೀಳಲಿ ಎಂದೇ ಅನಿಸಿತು. ಆಮೇಲೆ ಫೋನ್ ತೆಗೆದು ನಂದಿನಿಗೆ ಹಚ್ಚಿದ, ಎಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿದ. ಆ ಕಡೆಯಿಂದ ಮಗಳು ಗಡಿಬಿಡಿಯಿಂದ ಹೇಳಿದಳು: "ಜಲ್ದಿ ನೆರಳಿಗೆ ಹಾಕ್ರಿ. ಅಂಗಿ ತೆಗೀರಿ. ಮೈ ತುಂಬ ನೀರು ಸುರೀರಿ, ತಲಿ, ಕುತ್ತಿಗಿ, ಕಂಕಳ. ದವಾಖಾನಿಗೆ ಆಮ್ಯಾಲ, ಮೊದಲು ನೀರು. ಒಂದು ನಿಮಿಷನೂ ತಡ ಮಾಡಬ್ಯಾಡ್ರಿ ಅಪ್ಪಾ."

ನೆರಳು ಒಂದೇ ಕಡೆ ಇತ್ತು, ಹತ್ತು ಹೆಜ್ಜೆ ದೂರ, ಬಸ್ಸಪ್ಪನ ಮನೆಯ ಚಪ್ಪರದಲ್ಲಿ. ನೀರು ಎರಡು ಮೊಳ ದೂರ ಗುಮ್ಮಿಯಲ್ಲಿತ್ತು.

ಇಪ್ಪತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನೂ ಚಪ್ಪರದ ಕಡೆ ಹೆಜ್ಜೆ ಇಡಲಿಲ್ಲ. ಗ್ಯಾನಪ್ಪನನ್ನು ಎತ್ತಿ, ಗದ್ದಲ ಕೇಳಿ ಬಂದು ನಿಂತಿದ್ದ ಬುಡ್ಡೇಸಾಬನ ಆಟೋದಲ್ಲಿ ಮಲಗಿಸಿದರು. ಬಿಸಿಲಿಗೆ ಕಾದ ತಗಡಿನ ಆಟೋ ಅದು. "ನೀರು ತಗೊಂಡು ಬಾ ಓಡು, ನಮ್ಮ ಮನಿಯಿಂದ," ಎಂದು ದುರುಗಪ್ಪ ಒಬ್ಬನನ್ನು ಅಟ್ಟಿದ.

ಪಾರ್ವತೆಮ್ಮ ಮನೆಯೊಳಗಿಂದ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದಳು, ಕೈಯಲ್ಲಿ ಒಂದು ಸ್ಟೀಲಿನ ಗ್ಲಾಸು. ಅವಳ ಮುಖದಲ್ಲೇನೂ ಕರುಣೆ ಇರಲಿಲ್ಲ. "ಸರೀರಿ. ಸಾಯೋದಾದ್ರ ನಿಮ್ಮ ಓಣ್ಯಾಗ ಸಾಯ್ಲಿ, ನಮ್ಮ ಬಾಗಲಾಗ ಬ್ಯಾಡ," ಎಂದು ಮುಂದೆ ನುಗ್ಗಿದಳು.

ದುರುಗಪ್ಪ ಆಟೋದ ಬಾಗಿಲಿಗೆ ಅಡ್ಡ ಕೈಯಿಟ್ಟ. "ಬ್ಯಾಡ ಬೇ. ನಮ್ಮ ನೀರು ಬರ್ತೈತಿ."

"ಯಾವ ನಿಮ್ಮ ನೀರೋ? ಅದ ಟಾಕಿ, ಅದ ಪೈಪು."

"ಬ್ಯಾಡಂದ್ರ ಬ್ಯಾಡ. ಮುಟ್ಟಬ್ಯಾಡ."

ಒಳಗೆ ಗ್ಯಾನಪ್ಪ ಕಣ್ಣು ತೆರೆದ. ತುಟಿ ಬಿರಿದು ಬೆಳ್ಳಗಾಗಿದ್ದವು. ನೀರು ಎಂದ, ಎಲ್ಲರಿಗೂ ಕೇಳಿಸಿತು. ಪಾರ್ವತೆಮ್ಮ ದುರುಗಪ್ಪನ ತೋಳಿನ ಕೆಳಗಿಂದ ಗ್ಲಾಸು ಚಾಚಿದಳು. ಗ್ಯಾನಪ್ಪ ಗ್ಲಾಸು ನೋಡಿದ, ಅದನ್ನು ಹಿಡಿದ ಕೈ ನೋಡಿದ, ಅವಳ ಮುಖವನ್ನೂ ನೋಡಿದ. ಅಷ್ಟು ಹೊತ್ತು ಅಣ್ಣನ ಹೆಸರು, ಎತ್ತು ಅಂತ ಬಡಬಡಿಸುತ್ತಿದ್ದವನಿಗೆ ಅವಳ ಗುರುತು ಮಾತ್ರ ಹೇಗೆ ಸಿಕ್ಕಿತೋ. ಬಾಯಿ ಮುಚ್ಚಿದ. ಮುಖ ಆ ಕಡೆ ತಿರುಗಿಸಿದ.

ನೀರಿಗೆ ಹೋದವನು ಓಣಿ ಓಣಿ ಅಲೆದ. ನಳದಲ್ಲಿ ನೀರಿರಲಿಲ್ಲ, ನೀರು ಬಿಡುವವನನ್ನು ಅವರೇ ಕೇರಿಯಲ್ಲಿ ಹಿಡಿದು ನಿಲ್ಲಿಸಿದ್ದರಲ್ಲ. ಕೊಡಗಳು ಖಾಲಿ. ಅಂಗಡಿಯವನು ಬಿಸಿಲಿಗೆ ಬಾಗಿಲು ಹಾಕಿಕೊಂಡು ಮಲಗಿದ್ದ, ಎಬ್ಬಿಸಿ ಒಂದು ಬಾಟಲಿ ತರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ದಾಟಿತು. ಆ ಇಪ್ಪತ್ತೈದು ನಿಮಿಷವೂ ಪಾರ್ವತೆಮ್ಮ ಕೊಡ ಇಳಿಸದೆ ಆಟೋದ ಪಕ್ಕದಲ್ಲೇ ನಿಂತಿದ್ದಳು. ಬುಡ್ಡೇಸಾಬ್ ಮೂರು ಸಲ ಹೇಳಿದ, "ಹಾಕಿಸಿಕೋರಿ ದುರುಗಪ್ಪಾರ, ಜೀವ ಹೋಗ್ತೈತಿ ಅವರ್ದು." ನಾಲ್ಕನೇ ಸಲ ಹೇಳಲಿಲ್ಲ, ಗಾಡಿ ಚಾಲೂ ಮಾಡಿದ. ಲಿಂಗಸುಗೂರು ಮುಟ್ಟುವ ಮೊದಲೇ ಗ್ಯಾನಪ್ಪ ತೀರಿಕೊಂಡ.

ಮರುದಿನ ಠಾಣೆಯಿಂದ ಸಾಹೇಬರು ಬಂದರು, ಜೊತೆಗೊಬ್ಬ ಬರೆಯುವ ಪೇದೆ. ಪಂಚಾಯಿತಿಯ ಪಡಸಾಲೆಯಲ್ಲಿ ಊರೇ ನೆರೆದಿತ್ತು. ದುರುಗಪ್ಪ ಕೊಟ್ಟ ದೂರು ಹೀಗಿತ್ತು: ವಾಟರ್‌ಮನ್ ಬಸ್ಸಪ್ಪ ಆದೇಶ ಮೀರಿ, ದ್ವೇಷದಿಂದ ಊರಿನ ನೀರು ಬಂದ್ ಮಾಡಿದ್ದಾನೆ. ಬಿಸಿಲಿನಲ್ಲಿ ಕುಸಿದ ನಮ್ಮ ಚಿಕ್ಕಪ್ಪನಿಗೆ ಹಾಕಲು ಒಂದು ತೊಟ್ಟು ನೀರಿರಲಿಲ್ಲ. ನೀರಿಲ್ಲದೆ ಸತ್ತಿದ್ದಾರೆ. ಬಸ್ಸಪ್ಪನ ಮೇಲೆ ಕ್ರಮ ಆಗಬೇಕು, ಚಾವಿ ಕಿತ್ತುಕೊಳ್ಳಬೇಕು.

ಪೇದೆ ಓದಿ ಮುಗಿಸಿದ. ಊರವರು ಹೌದು ಹೌದು ಎಂದರು. ಶಾಲಿನಿ ಮೇಡಂ ಗೋಡೆಗೆ ಒರಗಿ ನಿಂತಿದ್ದರು, ಅವತ್ತು ಅವರ ತಲೆಯ ಮೇಲೆ ಟವೆಲ್ ಇರಲಿಲ್ಲ. "ಆದೇಶ ನಾನೇ ಕೊಟ್ಟದ್ದು ಸರ್, ಜಾಗ ನೋಡದೆ," ಎಂದರು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಸಾಹೇಬರು ಬಸ್ಸಪ್ಪನ ಕಡೆ ತಿರುಗಿದರು. "ಹೌದೇನೋ? ನೀರಿರಲಿಲ್ಲೇನು ಅಲ್ಲಿ?"

ಚಾವಿ ಬಸ್ಸಪ್ಪನ ಎರಡೂ ಕೈಯಲ್ಲಿತ್ತು. ಏನು ಹೇಳಿದರೂ ಸೇಡಿನ ಮಾತಾಗುತ್ತದೆ ಅನಿಸಿತು, ಚಾವಿಯನ್ನು ನೆಲಕ್ಕೂರಿದ. ಹಿಂದೆ ಹೆಂಗಸರ ನಡುವೆ ನಿಂತಿದ್ದ ಪಾರ್ವತೆಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನೀರಿತ್ತು ರೀ ಸಾಹೇಬ್ರ. ತುಂಬಿದ ಕೊಡ ಸೊಂಟದ ಮ್ಯಾಲ ಇತ್ತು, ಗ್ಲಾಸು ಬಾಯಿ ಮಟ ಹಿಡಿದಿದ್ದೆ. ಇವರು ಹಾಕಗೊಡಲಿಲ್ಲ, ಅವರು ಕುಡೀಲಿಲ್ಲ. ಅದನ್ನ ಬರಕೊಳ್ರಿ."

ಪೇದೆ ಪೆನ್ನು ಹಿಡಿದು ಸಾಹೇಬರ ಮುಖ ನೋಡಿದ. ಗುಮ್ಮಿಯ ಹತ್ತಿರ ನಿಂತಿದ್ದ ಆ ಇಪ್ಪತ್ತು ಮಂದಿಯೂ ಪಡಸಾಲೆಯಲ್ಲಿದ್ದರು, ಅಲ್ಲ ಎನ್ನಲು ಒಬ್ಬನೂ ಬಾಯಿ ತೆರೆಯಲಿಲ್ಲ.